ಹಾಲು ಚೆನ್ನಾಗಿದೆಯಂತೆ

ಮಾರ್ಚ್ 3, ಸೋಮವಾರ

ನೋವಿನ ಮಾತ್ರೆ ಇನ್ನು ನನಗಿಲ್ಲ. ಹೊಟ್ಟೆಯ ಡಾಕ್ಟರು ಇವತ್ತು ಖಡಾಖಂಡಿತವಾಗಿ ಹೇಳಿದರು. "ಹುಣ್ಣು ಈಗಷ್ಟೇ ಮಾಯ್ತಾ ಇದೆ. ಇನ್ನೊಂದು ಸಲ ಹೋದ ತಿಂಗಳ ಹಾಗೆ ರಕ್ತ ಕಾರ್ಕೊಂಡ್ರೆ ಆಸ್ಪತ್ರೆ ತಲುಪೋಷ್ಟು ಹೊತ್ತು ಸಿಗುತ್ತೋ ಇಲ್ವೋ ಹೇಳಲಾರೆ. ಅರ್ಧ ಮಾತ್ರೆನೂ ಬೇಡ." ಪಕ್ಕದಲ್ಲಿ ಕೂತಿದ್ದ ಇವರು, ಹುಣ್ಣು ತಮಗೇ ಆಗಿದೆಯೇನೋ ಎಂಬಂತೆ ಹೊಟ್ಟೆ ಹಿಡಿದುಕೊಂಡರು.

ಹಾಗಾದರೆ ಕತ್ತಿಗೆ ಏನು ಮಾಡಲಿ ಎಂದೆ. ಕತ್ತಿನ ಎರಡು ಮೂಳೆಗಳ ನಡುವಿನ ಮೆತ್ತೆ ಸವೆದು ನರವನ್ನು ಒತ್ತುತ್ತಿದೆ. ನೋವು ಅಲ್ಲಿ ಶುರುವಾಗಿ ಬಲ ಹೆಗಲು, ಮೊಣಕೈ ದಾಟಿ ಕಿರುಬೆರಳಿನವರೆಗೆ ಇಳಿಯುತ್ತದೆ. ಬಲಗೈ ಹೆಗಲಿಗಿಂತ ಮೇಲೆ ಏಳುವುದಿಲ್ಲ. ಆಪರೇಷನ್ ಮಾಡುವಷ್ಟು ಕೆಟ್ಟಿಲ್ಲವಂತೆ. ತಡೆದುಕೊಳ್ಳುವಷ್ಟು ಒಳ್ಳೆಯದಾಗಿಯೂ ಇಲ್ಲ ಎಂದು ನಾನು ಹೇಳಬೇಕಾಗಿತ್ತು, ಹೇಳಲಿಲ್ಲ.

ಡಾಕ್ಟರು ಒಂದು ವಿಳಾಸ ಕೊಟ್ಟರು. ಸೂಜಿ, ಶಾಖ, ಉಸಿರಾಟ, ಇಂಥದ್ದರಿಂದ ಮಾತ್ರೆಯಿಲ್ಲದೆ ನೋವು ನೋಡಿಕೊಳ್ಳುವ ಹೆಂಗಸೊಬ್ಬರು ಇದ್ದಾರಂತೆ. "ಕೆಲವರಿಗೆ ಉಪಯೋಗ ಆಗಿದೆ" ಎಂದರು. ನಾನು ಕೆಲಸ ಮಾಡುವುದು ಹಾಲಿನ ಡೈರಿಯ ಲ್ಯಾಬಿನಲ್ಲಿ. ನೀರು ಬೆರೆಸಿದ್ದಾರೆಯೇ, ಹಿಟ್ಟು ಬೆರೆಸಿದ್ದಾರೆಯೇ, ಸೋಪಿನ ಪುಡಿ ಬೆರೆಸಿದ್ದಾರೆಯೇ ಎಂದು ನೋಡುವುದೇ ನನ್ನ ಕಸುಬು. "ಕೆಲವು ಸ್ಯಾಂಪಲ್ ಸರಿಯಿವೆ" ಎಂದು ಯಾರಾದರೂ ವರದಿ ಬರೆದರೆ ಹಿಂದಕ್ಕೆ ಕಳಿಸುತ್ತೇನೆ.

ಆದರೂ ಹೋಗುತ್ತೇನೆ. ಬೇರೆ ದಾರಿ ಇದ್ದಿದ್ದರೆ ಹೋಗುತ್ತಿರಲಿಲ್ಲ.

ಮಾರ್ಚ್ 5, ಬುಧವಾರ

ಸೈಕಲ್ ಬಿಡಿಭಾಗಗಳ ಅಂಗಡಿಯ ಮೇಲಿನ ಮಹಡಿ. ಕಡಿದಾದ ಮೆಟ್ಟಿಲು. ಒಳಗೆ ಎತ್ತರದ ಒಂದು ಮಂಚ, ಬಿಳಿ ಹೊದಿಕೆ, ಕಿಟಕಿಗೆ ತೆಳು ಪರದೆ. ಗೋಡೆಯ ಮೇಲೆ ಪ್ರಮಾಣಪತ್ರಗಳು ಸ್ವಲ್ಪ ಜಾಸ್ತಿಯೇ ಇದ್ದವು. ಸಾಚಾ ಜನ ಇಷ್ಟೊಂದು ತೂಗುಹಾಕುವುದಿಲ್ಲ ಎಂದುಕೊಂಡೆ. ಒಂದೂ ಇಲ್ಲದಿದ್ದರೆ ಆಗಲೂ ಏನೋ ಅಂದುಕೊಳ್ಳುತ್ತಿದ್ದೆ.

ಆಕೆಗೆ ನನಗಿಂತ ಐದಾರು ವರ್ಷ ಹೆಚ್ಚಿರಬಹುದು. ದಪ್ಪ ಕನ್ನಡಕ, ಬೆಚ್ಚಗಿನ ಕೈ.

"ಸೂಜಿ ಪ್ಯಾಕೆಟ್ ನನ್ನೆದುರಿಗೇ ಬಿಚ್ತೀರಾ?" ಎಂದೆ.

"ತಗೊಳ್ಳಿ, ನೀವೇ ಬಿಚ್ಚಿ."

"ತುದಿಗೆ ಏನಾದ್ರೂ ಔಷಧಿ ಸವರಿರುತ್ತಾ?"

"ಸವರಿದ್ದಿದ್ರೆ ನನ್ನ ಕೆಲಸ ಎಷ್ಟು ಸುಲಭ ಆಗ್ತಿತ್ತು!" ಎಂದು ನಕ್ಕರು. "ಬರೀ ಸೂಜಿ ಅಮ್ಮ. ಕೂದಲಿಗಿಂತ ಸ್ವಲ್ಪ ದಪ್ಪ."

"ಇದರಿಂದ ಗುಣ ಆಗುತ್ತಾ?"

"ಗೊತ್ತಿಲ್ಲ. ಸವೆದಿದ್ದು ವಾಪಸ್ ಬರಲ್ಲ. ನೋವು ನಿಮ್ಮ ಮೇಲೆ ಕೂತಿದೆ, ಅದನ್ನ ಸ್ವಲ್ಪ ಪಕ್ಕಕ್ಕೆ ಕೂರಿಸೋಕಾಗುತ್ತಾ ನೋಡೋಣ."

ಭರವಸೆ ಕೊಡದೇ ಇರುವುದೂ ಒಂದು ವ್ಯಾಪಾರದ ಜಾಣತನವೇ ಇರಬೇಕು. ಸೂಜಿಗಳು ಅಷ್ಟೇನೂ ನೋಯಲಿಲ್ಲ. ಆಮೇಲೆ ಬಿಸಿ ಬಟ್ಟೆ ಇಟ್ಟು, ಮೂಗಿನಿಂದ ಉಸಿರು ತೆಗೆದುಕೊಂಡು ಬಾಯಿಂದ ನಿಧಾನವಾಗಿ, ಬಿಸಿ ಲೋಟ ಊದುವ ಹಾಗೆ ಬಿಡಲು ಹೇಳಿದರು. ನೋವು ಬಂದಾಗೆಲ್ಲ ನಾನು ಉಸಿರು ಕಟ್ಟಿ ಹಿಡಿಯುತ್ತೇನಂತೆ. ಹೆಗಲು ಕಿವಿಗೆ ತಾಗುವಷ್ಟು ಮೇಲೆ ಹೋಗುತ್ತದಂತೆ. ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲ.

"ನೋವು ಏನು ಮಾಡ್ತು ಅಂತ ದಿನಾ ನಾಲ್ಕು ಸಾಲು ಬರೀರಿ. ನನಗೇನೂ ತೋರಿಸ್ಬೇಡಿ" ಎಂದರು.

ತೋರಿಸದಿದ್ದರೆ ಬರೆಯುವುದೇಕೆ? ಬರೆಯುತ್ತಿದ್ದೇನೆ.

ಮಾರ್ಚ್ 9, ಭಾನುವಾರ

ನಾಲ್ಕು ಸಾಲೂ ಕಷ್ಟ. ಶಾಲೆಯಲ್ಲಿ ಕಲಿತದ್ದೆಲ್ಲ ಇಂಗ್ಲಿಷಿನಲ್ಲಿ. ನೋವಿಗೆ ನನ್ನ ಹತ್ತಿರ ಇರುವುದು ವರದಿಯ ಪದಗಳೇ: ಮೈಲ್ಡ್, ಮಾಡರೇಟ್, ಸಿವಿಯರ್. "ಇವತ್ತು ತುಂಬಾ ನೋವು" ಎಂದು ಬರೆದು ಮುಂದೇನೆಂದು ತೋಚದೆ ಕೂತಿದ್ದಾಗ ಅತ್ತೆ ಬಂದು ಇಣುಕಿದರು.

"ನೋವು ಅಂದ್ರೆ ಸಾಕಾ? ಮನೆಗೆ ಯಾರು ಬಂದಿದಾರೆ ಅಂದ್ರೆ 'ಜನ ಬಂದಿದಾರೆ' ಅಂದ ಹಾಗಾಯ್ತು. ಸೆಳೀತಿದೆಯಾ, ಚುಚ್ತಿದೆಯಾ, ಉರೀತಿದೆಯಾ, ಹಿಂಡ್ತಿದೆಯಾ?"

"ಸೆಳೆಯೋದಕ್ಕೂ ಹಿಂಡೋದಕ್ಕೂ ಏನತ್ತೆ ವ್ಯತ್ಯಾಸ?"

"ಸೆಳೆತ ಅಂದ್ರೆ ಯಾರೋ ದಾರ ಕಟ್ಟಿ ಎಳೆದ ಹಾಗೆ. ಹಿಂಡೋದು ಒದ್ದೆ ಬಟ್ಟೆ ಹಿಂಡಿದ ಹಾಗೆ. ಸೆಳೆತ ಹೋಗಿ ಬಂದು ಮಾಡುತ್ತೆ. ಹಿಂಡೋದು ಕೂತ್ಬಿಡುತ್ತೆ. ನನ್ನ ಮಂಡಿ ಎರಡನ್ನೂ ಮಾಡುತ್ತೆ. ಮನೆ ಹಿರಿಯಳು ನೋಡು, ಎಲ್ಲ ಬರುತ್ತೆ."

ಹಾಗಾದರೆ ನನ್ನದು: ಹೆಗಲಲ್ಲಿ ಹಿಂಡುವುದು, ತೋಳಿನಲ್ಲಿ ಸೆಳೆತ, ಬೆರಳಲ್ಲಿ ಜುಮುಜುಮು. ಬೆಳಿಗ್ಗೆ ತಲೆ ಬಾಚಿಕೊಳ್ಳಲು ಹೋಗಿ ಎರಡು ಸಲ ಬಾಚಣಿಗೆ ಬಿತ್ತು. ಕೊನೆಗೆ ಅತ್ತೆಯೇ ಬಾಚಿ ಜಡೆ ಹಾಕಿದರು. ಬಿಗಿಯಾಗಿ. ಈ ವಯಸ್ಸಿನಲ್ಲಿ.

ಮಾರ್ಚ್ 11, ಮಂಗಳವಾರ

ಕೈ ಪೆನ್ನು ಹಿಡಿಯುತ್ತಿಲ್ಲ. ಇಷ್ಟೇ.

ಮಾರ್ಚ್ 14, ಶುಕ್ರವಾರ

ಬೆಳಿಗ್ಗೆ ಎದ್ದು ಹಲ್ಲುಜ್ಜಿ, ಮುಖ ತೊಳೆದು, ಬಟ್ಟೆ ಬದಲಿಸಿ, ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು: ನೋವು ಇನ್ನೂ ಎದ್ದಿಲ್ಲ. ಲ್ಯಾಬಿಗೆ ಹೋಗುವಷ್ಟರಲ್ಲಿ ಬಂತು, ಆದರೆ ಪೂರ್ತಿ ಬರಲಿಲ್ಲ.

ಇದು ಸರಿಯಲ್ಲ. ಕೂದಲಿನಂಥ ಸೂಜಿ, ಒಂದು ಬಿಸಿ ಬಟ್ಟೆ, ಊದುವುದು. ಇಷ್ಟಕ್ಕೆ ಬಗ್ಗುವ ನೋವಾಗಿದ್ದರೆ ನಾನು ಅಷ್ಟೊಂದು ಮಾತ್ರೆ ನುಂಗಿ ಹೊಟ್ಟೆ ತೂತು ಮಾಡಿಕೊಳ್ಳುತ್ತಿದ್ದೆನೇ? ಫಲಿತಾಂಶ ತೀರಾ ಚೆನ್ನಾಗಿ ಬಂದರೆ ಮೊದಲು ಉಪಕರಣವನ್ನು ಅನುಮಾನಿಸಿ ಎಂದು ಹೊಸಬರಿಗೆ ಹೇಳಿಕೊಡುವವಳು ನಾನೇ.

ಇವರಿಗೆ ಹೇಳಿದೆ. ಇವರು ಲಿಫ್ಟ್ ರಿಪೇರಿ ಮಾಡುವವರು. ಸರಿಹೋಯಿತೆಂದರೆ ಬಾಗಿಲು ಮುಚ್ಚಿ ಮುಂದಿನ ಕಟ್ಟಡಕ್ಕೆ ಹೋಗುವ ಜಾತಿ. "ನೋವಿದ್ರೂ ಚಿಂತೆ, ಇಲ್ದಿದ್ರೂ ಚಿಂತೆ. ನಿನ್ನ ಕಣ್ಣಿಗೆ ಯಾರೋ ಲಿಟ್ಮಸ್ ಪೇಪರ್ ಅಂಟಿಸಿಬಿಟ್ಟಿದಾರೆ ಕಣೆ" ಎಂದರು.

ಮಾರ್ಚ್ 19, ಬುಧವಾರ

ಹಾಲಿನಲ್ಲಿ ಏನೋ ಇದೆ.

ಆಸ್ಪತ್ರೆಯಿಂದ ಬಂದಾಗಿನಿಂದ ಅತ್ತೆ ದಿನಾ ಸಂಜೆ ನನಗೊಂದು ಲೋಟ ಹಾಲು ಕಾಯಿಸಿ ಕೊಡುತ್ತಾರೆ. ನಾನು ಅದನ್ನು ಟಿವಿ ನೋಡುತ್ತಾ ಕುಡಿದುಬಿಡುತ್ತೇನೆ. ಇವತ್ತು ಕರೆಂಟು ಇರಲಿಲ್ಲ, ನೋಡಲು ಏನೂ ಇರಲಿಲ್ಲ. ಲ್ಯಾಬಿನಲ್ಲಿ ಮಾಡುವಂತೆ ಸುಮ್ಮನೆ ಬಾಯಲ್ಲಿಟ್ಟುಕೊಂಡು ನಾಲಗೆಯ ಸುತ್ತ ತಿರುಗಿಸಿ, ಮೂಗಿನಿಂದ ಉಸಿರು ಬಿಟ್ಟೆ. ನುಂಗಿದ ಮೇಲೆ ನಾಲಗೆಯ ಹಿಂದೆ ಒಂದು ಕಹಿ ಉಳಿಯಿತು. ತೆಳುವಾದ ಕಹಿ. ಆದರೆ ಇತ್ತು.

"ಅತ್ತೆ, ಹಾಲಿಗೆ ಏನಾದ್ರೂ ಹಾಕಿದೀರಾ?"

"ಸಕ್ಕರೆ ಹಾಕಿದೀನಿ. ಇನ್ನೇನು ಚಿನ್ನ ಹಾಕ್ಲಾ?"

ಮಾತೇನೋ ಎಂದಿನ ಹಾಗೇ ಇತ್ತು. ಆದರೆ ನನ್ನ ಮುಖ ನೋಡಲಿಲ್ಲ. ಒಲೆಯ ಪಕ್ಕ ಸ್ಟೂಲ್ ಹಾಕಿಕೊಂಡು, ಎರಡೂ ಕೈಯಲ್ಲಿ ಮಂಡಿ ಹಿಡಿದು ಕೂತಿದ್ದರು.

ಮಾರ್ಚ್ 22, ಶನಿವಾರ

ಮೂರು ದಿನ ನೋಡಿದ ಮೇಲೆ ಬರೆಯುತ್ತಿದ್ದೇನೆ. ಆತುರದಲ್ಲಿ ಬರೆಯಬಾರದ ವಿಷಯ.

ಅತ್ತೆಯ ಮಂಡಿ ಸವೆದು ವರ್ಷಗಳಾದವು. ಬೆಳಿಗ್ಗೆ ಒಂದು, ಸಂಜೆ ಒಂದು ನೋವಿನ ಮಾತ್ರೆ. ನಾನು ನುಂಗುತ್ತಿದ್ದದ್ದೂ ಅದನ್ನೇ, ಬಿಳಿ, ದುಂಡಗಿನದು, ಬಾಯಲ್ಲಿ ಕರಗಿದರೆ ಕಹಿ. ಅವರ ಹೊಟ್ಟೆ ತಡೆದುಕೊಂಡಿದೆ, ನನ್ನದು ತಡೆಯಲಿಲ್ಲ. ಮಾತ್ರೆಯ ಬಲದಿಂದ ಅವರು ಬೀದಿಯ ತುದಿಯವರೆಗೆ ಹೋಗಿ, ತರಕಾರಿಯವನ ಹತ್ತಿರ ಜಗಳವಾಡಿ, ಗೆದ್ದು ಬರುತ್ತಿದ್ದರು.

ಈಗ ಕೆಳಗಿಳಿಯುವುದೇ ಇಲ್ಲ. ಕುರ್ಚಿಯಿಂದ ಬಾಗಿಲಿಗೆ ಗೋಡೆ ಹಿಡಿದು ಹೋಗುತ್ತಾರೆ. ಅಡುಗೆಮನೆಗೆ ಸ್ಟೂಲ್ ಬಂದಿದೆ. ಎದ್ದು ನಿಲ್ಲುವಾಗ ತುಟಿ ಕಚ್ಚುತ್ತಾರೆ. ಅಂದರೆ ಮಾತ್ರೆ ತೆಗೆದುಕೊಳ್ಳುತ್ತಿಲ್ಲ. ಆದರೆ ಮಾತ್ರೆಯ ಖಾಲಿ ಪಟ್ಟಿಗಳು ಕಸದ ಬುಟ್ಟಿಗೆ ಬೀಳುತ್ತಲೇ ಇವೆ. ಇವರು ಹೊಸದು ತಂದುಕೊಡುತ್ತಲೇ ಇದ್ದಾರೆ.

ಮಾತ್ರೆ ಪಟ್ಟಿಯಿಂದ ಹೊರಗೆ ಬರುತ್ತಿದೆ, ಮಂಡಿಯನ್ನು ತಲುಪುತ್ತಿಲ್ಲ. ಇತ್ತ ನನ್ನ ಕೈ, ಕಾರಣವಿಲ್ಲದೆ, ದಿನದಿನಕ್ಕೆ ಹಗುರವಾಗುತ್ತಿದೆ. ಸಂಜೆಯ ಹಾಲು ಕಹಿ.

ಅತ್ತೆಗೆ ನನ್ನ ಮೇಲೆ ದ್ವೇಷವಿದೆ ಎಂದು ಬರೆಯುತ್ತಿಲ್ಲ. ಪ್ರೀತಿಯಿಂದಲೇ ಇರಬಹುದು. ಹೋದ ವರ್ಷ ನನ್ನ ನೋವು ಜೋರಾದಾಗ "ಇದೊಂದು ನುಂಗು, ನನಗೆ ಚೆನ್ನಾಗಿ ಆಗುತ್ತೆ" ಎಂದು ಮೊದಲ ಮಾತ್ರೆಯನ್ನು ತಮ್ಮ ಡಬ್ಬಿಯಿಂದ ತೆಗೆದುಕೊಟ್ಟವರು ಅವರೇ. ಈಗಲೂ ಸೊಸೆಯ ಒದ್ದಾಟ ನೋಡಲಾರದೆ ಅರ್ಧ ಪುಡಿಮಾಡಿ ಹಾಕುತ್ತಿರಬಹುದು. ಡಾಕ್ಟರು ಹೆದರಿಸುತ್ತಾರೆ, ಅರ್ಧಕ್ಕೆ ಏನೂ ಆಗುವುದಿಲ್ಲ ಎಂದುಕೊಂಡಿರಬಹುದು.

ಪ್ರೀತಿಯಿಂದ ಹಾಕಿದ ಮಾತ್ರೆಯೂ ಹೊಟ್ಟೆಯನ್ನು ಕೊರೆಯುತ್ತದೆ. ಹಾಗೆ ಕೊರೆಯುತ್ತಿದ್ದರೆ ನನಗೆ ಗೊತ್ತಾಗುವುದು ಹೋದ ತಿಂಗಳಂತೆ ಇನ್ನೊಮ್ಮೆ ರಕ್ತ ಕಾರಿಕೊಂಡು ಬಚ್ಚಲಲ್ಲಿ ಬಿದ್ದಾಗ.

ಮಾರ್ಚ್ 25, ಮಂಗಳವಾರ

ಇವರ ಹತ್ತಿರ ಬಾಯಿ ಬಿಡಲು ನೋಡಿದೆ.

"ಅಮ್ಮ ಮಾತ್ರೆ ಸರಿಯಾಗಿ ತಗೋತಿದಾರಾ?"

"ತಗೋತಾರಲ್ಲ. ನಾನೇ ತಂದ್ಕೊಡ್ತಿದೀನಿ. ಯಾಕೆ?"

"ನಡೆಯೋಕೆ ಆಗ್ತಿಲ್ಲ ಅವರಿಗೆ."

"ವಯಸ್ಸಾಯ್ತು ಬಿಡೆ. ನಿನ್ನ ಮೇಲೆ ಅಮ್ಮನಿಗೆ ಎಷ್ಟು ಅಕ್ಕರೆ ಗೊತ್ತಾ? ಡಾಕ್ಟರ್ ಹತ್ರ ಹೋಗೋಣ ನಡೀ ಅಂದ್ರೆ, ಮೊದಲು ಅವಳದ್ದು ವಾಸಿ ಆಗಲಿ ಅಂತಾರೆ."

ಮೊದಲು ಅವಳದ್ದು ವಾಸಿ ಆಗಲಿ. ಈ ಮಾತನ್ನು ಎರಡು ಥರ ಓದಬಹುದು. ಎರಡು ಥರವೂ ಓದಿದೆ.

ನೇರವಾಗಿ ಅತ್ತೆಯನ್ನೇ ಕೇಳಬಹುದಲ್ಲ? ಕೇಳಿದರೆ ಇಲ್ಲ ಎನ್ನುತ್ತಾರೆ. ಹಾಲಿಗೆ ನೀರು ಹಾಕಿದವರನ್ನು ಕೇಳಿದರೆ ಯಾರು ಹೌದು ಎಂದಿದ್ದಾರೆ? ನಾವು ಕೇಳುವುದೇ ಇಲ್ಲ, ಸ್ಯಾಂಪಲ್ ತೆಗೆದುಕೊಳ್ಳುತ್ತೇವೆ.

ಮಾರ್ಚ್ 27, ಗುರುವಾರ

ತೆಗೆದುಕೊಂಡೆ.

ನಿನ್ನೆ ಸಂಜೆ ಲೋಟವನ್ನು ಕೋಣೆಗೆ ತಂದು, ಲ್ಯಾಬಿನಿಂದ ತಂದಿದ್ದ ಶುದ್ಧ ಬಾಟಲಿಗೆ ಹಾಲು ಬಗ್ಗಿಸಿ, ಮುಚ್ಚಳ ಬಿಗಿದು, ಬ್ಯಾಗಿನೊಳಗೆ ಐಸ್ ಪ್ಯಾಕ್ ಮಧ್ಯೆ ಇಟ್ಟೆ. ಖಾಲಿ ಲೋಟ ಒಯ್ದು ಕೊಟ್ಟಾಗ ಅತ್ತೆ "ಇಷ್ಟು ಬೇಗ ಕುಡಿದ್ಯಾ, ಬಾಯಿ ಸುಡಲಿಲ್ವಾ?" ಎಂದರು. ಇಲ್ಲ ಎಂದೆ.

ನಮ್ಮ ಲ್ಯಾಬಿನಲ್ಲಿ ನೋವಿನ ಮಾತ್ರೆ ಹಿಡಿಯುವ ವ್ಯವಸ್ಥೆ ಇಲ್ಲ. ಜೊತೆಯಲ್ಲಿ ಓದಿದ ಗೆಳತಿಯೊಬ್ಬಳು ಔಷಧ ಕಂಪನಿಯ ಲ್ಯಾಬಿನಲ್ಲಿದ್ದಾಳೆ. ಇವತ್ತು ಮಧ್ಯಾಹ್ನ ಅವಳಿಗೆ ಕೊಟ್ಟು ಬಂದೆ.

"ಯಾವ ಡೈರಿದು?" ಎಂದಳು.

"ಮನೇದು."

ಅವಳು ಬಾಟಲಿ ನೋಡಿದಳು, ನನ್ನನ್ನು ನೋಡಿದಳು. "ಗಂಡನ ಮೇಲೆ ಅನುಮಾನಾನಾ?" ಎಂದು ತಮಾಷೆ ಮಾಡಲು ಹೋಗಿ ನಿಲ್ಲಿಸಿದಳು. ಮೆಷಿನ್ ಬಿಡುವಾದಾಗ ಹಾಕಿ ಫೋನ್ ಮಾಡುತ್ತೇನೆ ಎಂದಳು. ಬಸ್ಸಿನಲ್ಲಿ ಬರುವಾಗ ಬಾಟಲಿಯಿಲ್ಲದ ಬ್ಯಾಗು ಹಗುರವಾಗಬೇಕಿತ್ತು.

ಮಾರ್ಚ್ 31, ಸೋಮವಾರ

ನಾಲ್ಕೈದು ದಿನಗಳಿಂದ ಹಾಲನ್ನು ಬಾಲ್ಕನಿಯ ಹೂಕುಂಡಕ್ಕೆ ಹುಯ್ಯುತ್ತಿದ್ದೇನೆ. ಮಾತ್ರೆ ನಿಂತರೆ ನೋವು ಮರಳಬೇಕು. ಮರಳಿಲ್ಲ. ಇದಕ್ಕೆ ಅರ್ಥವೇನು? ಮೈಯಲ್ಲಿ ಸೇರಿದ್ದು ಇನ್ನೂ ಇಳಿದಿಲ್ಲ ಎಂದಿರಬಹುದು. ಹಾಲು ಬಿಟ್ಟು ಬೇರೆ ಯಾವುದಕ್ಕೋ ಹಾಕುತ್ತಿದ್ದಾರೆ ಎಂದೂ ಇರಬಹುದು. ಈಗ ನನ್ನ ತಟ್ಟೆಗೆ ನಾನೇ ಬಡಿಸಿಕೊಳ್ಳುತ್ತೇನೆ.

ಸೂಜಿಯವರ ಹತ್ತಿರ ಇವತ್ತೂ ಹೋಗಿದ್ದೆ. ಹೆಗಲು ಈಗ ಕಿವಿಗೆ ತಾಗುತ್ತಿಲ್ಲ ಎಂದರು. ಗ್ರಾಹಕರಿಗೆ ಹಾಗನ್ನಲೇಬೇಕಲ್ಲ.

ಲ್ಯಾಬಿನ ಸಹಾಯಕ ಮತ್ತೆ ಹೇಳದೆ ಕೇಳದೆ ರಜೆ. ಸ್ಯಾಂಪಲ್ ಬಾಟಲಿಗಳ ಟ್ರೇಗಳನ್ನೆಲ್ಲ ಕೋಲ್ಡ್ ರೂಮಿನ ಮೇಲಿನ ಹಲಗೆಯಿಂದ ನಾನೇ ಇಳಿಸಬೇಕಾಯಿತು, ಸಂಜೆ ಮತ್ತೆ ನಾನೇ ಏರಿಸಿದೆ. ಮ್ಯಾನೇಜರಿಗೆ ದೂರು ಕೊಡುತ್ತೇನೆ. ಎಷ್ಟು ದಿನ ಅಂತ ಸಹಿಸುವುದು?

ಏಪ್ರಿಲ್ 3, ಗುರುವಾರ

ಸ್ನಾನ ಮಾಡಿ ಬಂದೆ. ಅತ್ತೆ ಊಟದ ಮೇಜಿನ ಹತ್ತಿರ ಕೂತಿದ್ದರು. ನನ್ನ ಫೋನು ಅವರ ಮುಂದಿತ್ತು.

"ನಿನ್ನ ಗೆಳತಿ ಫೋನ್ ಮಾಡಿದ್ಲು."

"ಯಾರು?"

"ಔಷಧಿ ಕಂಪನಿಯವಳಂತೆ. ಬಿಟ್ಟೂ ಬಿಡದೆ ಹೊಡ್ಕೋತಿತ್ತು, ತೆಗೆದೆ. ನೀನು ಸ್ನಾನಕ್ಕೆ ಹೋಗಿದೀಯ ಅಂದೆ. ಹಾಗಾದ್ರೆ ಅವಳಿಗೆ ಹೇಳ್ಬಿಡಿ ಅಂದ್ಲು."

ಕೈಯಲ್ಲಿದ್ದ ಒದ್ದೆ ಟವೆಲನ್ನು ಮಡಚಿದೆ, ಬಿಚ್ಚಿ ಮತ್ತೆ ಮಡಚಿದೆ.

"ಹಾಲು ಚೆನ್ನಾಗಿದೆಯಂತೆ" ಎಂದರು ಅತ್ತೆ. "ಯಾವ ಮಾತ್ರೆನೂ ಸಿಕ್ಕಲಿಲ್ಲವಂತೆ. ಒಂಚೂರು ಅಡಿ ಹತ್ತಿದೆಯಂತೆ, ಅಷ್ಟೆ. ಯಾರ ಮನೆ ಹಾಲಮ್ಮ ಅಂತ ಕೇಳಿದೆ. 'ಅವರ ಮನೇದೇ' ಅಂದ್ಲು. ಪಾಪ, ಅವಳಿಗೇನು ಗೊತ್ತು."

ಆಮೇಲೆ ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ಹೋದರು. ಬಾಗಿಲು ಹಾಕಿದ ಸದ್ದೂ ಆಗಲಿಲ್ಲ. ಧಡಾರನೆ ಹಾಕಿದ್ದರೆ ಚೆನ್ನಾಗಿತ್ತು.

ಅಡಿ ಹತ್ತಿದ ಹಾಲು. ಅದರ ರುಚಿ ಹೇಗಿರುತ್ತದೆ, ಕಹಿಯಂತೆ ನಾಲಗೆಯ ಹಿಂದೆ ಹೇಗೆ ನಿಲ್ಲುತ್ತದೆ ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಬೇಕೆಂದೇ ಹಾಲು ಸೀಯಿಸಿ ತೋರಿಸಿಕೊಡುವವಳು ನಾನು. ನನ್ನ ಮನೆಯ ಲೋಟದಲ್ಲಿ ನನಗೆ ಅದು ಮಾತ್ರೆಯಾಗಿ ಕಂಡಿತು.

ಏಪ್ರಿಲ್ 4, ಶುಕ್ರವಾರ

ಸಂಜೆ ಹಾಲು ಇರಲಿಲ್ಲ. ಕೇಳಲಿಲ್ಲ.

ಇವರು ಕೆಲಸದಿಂದ ಬಂದು ಇಬ್ಬರ ಮುಖವನ್ನೂ ನೋಡಿದರು. "ಏನಾಗಿದೆ ಇಲ್ಲಿ? ಲಿಫ್ಟು ಎರಡು ಮಹಡಿ ಮಧ್ಯೆ ನಿಂತ ಹಾಗಿದೆ" ಎಂದರು. ಕೋಣೆಗೆ ಕರೆದು ಹೇಳಿದೆ. ತಮಾಷೆ ಮಾಡುತ್ತಾರೆಂದು ಕಾದೆ. ಮಾಡಲಿಲ್ಲ.

"ಅಮ್ಮ ಕೊಟ್ಟ ಹಾಲನ್ನ ಲ್ಯಾಬಿಗೆ ಕೊಟ್ಯಾ?"

"ನನ್ನ ಜೀವದ ಪ್ರಶ್ನೆ ಆಗಿತ್ತು ರೀ."

"ಸರಿ. ನನ್ನನ್ನೂ ಒಂದ್ಸಲ ಕಳಿಸ್ಬಿಡು. ಏನೇನು ಬೆರೆತಿದೆ ನೋಡಲಿ."

ಇನ್ನೊಂದು ಮಾತು. ಒಂದು ದಿನದ ಸ್ಯಾಂಪಲ್ ಶುದ್ಧವಿದ್ದರೆ ಎಲ್ಲ ದಿನಗಳದ್ದೂ ಶುದ್ಧವಿತ್ತು ಎಂದಾಗುವುದಿಲ್ಲ. ಮಾತ್ರೆಗಳು ಎಲ್ಲಿ ಹೋಗುತ್ತಿವೆ ಎಂಬ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ. ಇಷ್ಟಾದ ಮೇಲೂ ಇದನ್ನು ಬರೆಯುತ್ತಿದ್ದೇನಲ್ಲ, ನಾನೆಂಥವಳು?

ಏಪ್ರಿಲ್ 6, ಭಾನುವಾರ

ಇವರು ಯಾವುದೋ ಕಟ್ಟಡದಲ್ಲಿ ಸಿಕ್ಕಿಹಾಕಿಕೊಂಡವರನ್ನು ಇಳಿಸಲು ಬೆಳಿಗ್ಗೆಯೇ ಹೋದರು. ಎರಡು ದಿನದಿಂದ ಮಾತಾಡದ ಅತ್ತೆ ನನ್ನ ಬಾಗಿಲಲ್ಲಿ ಬಂದು ನಿಂತರು.

"ಬೀರು ಮೇಲಿರೋ ನನ್ನ ಸೂಟ್‌ಕೇಸ್ ಇಳಿಸ್ಕೊಡು."

"ಯಾಕತ್ತೆ?"

"ಚಿಕ್ಕೋನ ಮನೆಗೆ ಹೋಗ್ತೀನಿ. ಅಲ್ಲಿ ಹಾಲು ಕೊಟ್ರೆ ಕುಡೀತಾರೆ."

ಬೇಡಿ ಎಂದರೆ ನಾಟಕವಾಗುತ್ತದೆ, ಸರಿ ಎಂದರೆ ಅಟ್ಟಿದಂತಾಗುತ್ತದೆ. ಸ್ಟೂಲ್ ಹತ್ತಿದೆ. ಹಳೆಯ ಕಾಲದ ಸೂಟ್‌ಕೇಸು, ಒಳಗೆ ಕಂಬಳಿಗಳನ್ನು ತುರುಕಿಟ್ಟಿದ್ದರು, ಹೆಣಭಾರ. ತಲೆಯ ಮೇಲಕ್ಕೆ ಎರಡೂ ಕೈ ಚಾಚಿ, ಹಿಡಿ ಸಿಗುವವರೆಗೆ ಎಳೆದು, ಎತ್ತಿ, ನಿಧಾನವಾಗಿ ಕೆಳಗಿಳಿಸಿದೆ. ಅಷ್ಟೂ ಹೊತ್ತು ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಮೈದುನನ ಮನೆಯಲ್ಲಿ ಅತ್ತೆ ಏನು ಹೇಳುತ್ತಾರೆ?

ನೆಲಕ್ಕಿಟ್ಟು ತಿರುಗಿದರೆ ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದರು. ಯಾಕೆಂದು ಕೇಳುವ ಧೈರ್ಯ ಬರಲಿಲ್ಲ. ಬೇರೆಯದನ್ನು ಕೇಳಿದೆ.

"ಹೋಗೋ ಮುಂಚೆ ಒಂದು ಹೇಳಿ ಹೋಗಿ. ನಿಮ್ಮ ಮಾತ್ರೆ ಎಲ್ಲಿ ಹೋಗ್ತಿದೆ?"

ಅತ್ತೆ ಮಂಚದ ಅಂಚಿಗೆ ಕೂತರು. ಕೂರುವಾಗ ಮುಖ ಕಿವುಚಿದರು.

"ಸಿಂಕಿಗೆ" ಎಂದರು.

"ಏನು?"

"ಸಿಂಕಿಗೆ ಹಾಕಿ ನೀರು ಬಿಡ್ತೀನಿ. ದಿನಾ. ಸಾಕಾ? ಇದನ್ನೂ ಬಾಟ್ಲೀಲಿ ತುಂಬ್ಕೊಂಡು ಹೋಗಿ ಪರೀಕ್ಷೆ ಮಾಡ್ಸು."

"ಯಾಕತ್ತೆ? ನಡೆಯೋಕಾಗ್ತಿಲ್ಲ ನಿಮಗೆ!"

"ಯಾಕೆ ಅಂದ್ರೆ?" ಅವರ ದನಿ ಒಮ್ಮೆಗೇ ಏರಿತು. "ಆವತ್ತು ಬಚ್ಚಲಲ್ಲಿ ನೀನು ಬಿದ್ದಾಗ ಅವನು ನಿನ್ನ ಹೊತ್ಕೊಂಡು ಓಡಿದ. ಹಿಂದೆ ಉಳಿದವಳು ನಾನು. ಆ ಕೆಂಪನ್ನೆಲ್ಲ ತೊಳೆದವಳು ನಾನು. ಎಷ್ಟು ನೀರು ಹಾಕಿದ್ರೂ ಮೂಲೇಲಿ ಇರ್ತಿತ್ತು. ಮೊದಲನೇ ಮಾತ್ರೆ ಕೊಟ್ಟವಳೂ ನಾನೇ ಅಲ್ವಾ? ಆಮೇಲೆ ಆ ಮಾತ್ರೆ ಕೈಗೆ ತಗೊಂಡ್ರೆ ಗಂಟಲಲ್ಲಿ ಇಳೀಲಿಲ್ಲ ಕಣೆ."

"ನಿಮ್ಮ ಮಗನಿಗಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ಡಾಕ್ಟರ ಹತ್ರ ಎಳ್ಕೊಂಡು ಹೋಗಿ ಇನ್ನೊಂದು ಮಾತ್ರೆ ಬರೆಸ್ತಾನೆ. ಹೆಂಡತಿದು ಒಂದು ಕಡೆ, ಅಮ್ಮಂದು ಒಂದು ಕಡೆ, ಅವನೆಲ್ಲಿಗೆ ಓಡ್ತಾನೆ? ನಿನ್ನದು ವಾಸಿ ಆಗ್ಲಿ ಅಂತ ಸುಮ್ಮನಿದ್ದೆ." ಮುಖ ಬೇರೆ ಕಡೆ ತಿರುಗಿಸಿಕೊಂಡು ಹೇಳಿದರು: "ನೀನು ಬೆಳಿಗ್ಗೆ ಬೆಳಿಗ್ಗೆ ಬಾಗಿಲು ಹಾಕ್ಕೊಂಡು ಬುಸ್ ಬುಸ್ ಅಂತೀಯಲ್ಲ. ಅದನ್ನ ಕೇಳಿಸ್ಕೊಂಡು ನಾನೂ ಮಾಡ್ದೆ. ತಲೆ ಸುತ್ತು ಬಂತು. ಎಲ್ಲಿ ತಗೋಬೇಕು, ಎಲ್ಲಿ ಬಿಡ್ಬೇಕು ಗೊತ್ತಾಗಲಿಲ್ಲ."

ಹಾಲು ಅಡಿ ಹತ್ತಿದ್ದು ಅದಕ್ಕೆ. ಒಲೆಯ ಮುಂದೆ ನಿಂತು ಕೈಯಾಡಿಸುವಷ್ಟು ಹೊತ್ತು ಅವರ ಮಂಡಿ ನಿಲ್ಲುತ್ತಿರಲಿಲ್ಲ. ಮಾತ್ರೆ ಬಿಟ್ಟಿದ್ದಾರೆ, ಅಲ್ಲಿಯವರೆಗೆ ನಾನು ಸರಿಯಾಗಿಯೇ ನೋಡಿದ್ದೆ. ಮುಂದಿನ ಒಂದು ಹೆಜ್ಜೆಯನ್ನು ಮಾತ್ರ ಕೇಳದೆ ಇಟ್ಟೆ. ಕೇಳಿದ್ದರೆ ಹೇಳಿಬಿಡುತ್ತಿದ್ದರೇನೋ. ಈಗ ಹೇಳಿದ ಹಾಗೆಯೇ.

"ತಪ್ಪಾಯ್ತತ್ತೆ" ಎಂದೆ.

"ಪರವಾಗಿಲ್ಲ ಅನ್ನೋಕೆ ಇನ್ನೂ ಬಾಯಿ ಬರ್ತಿಲ್ಲ. ಬಂದಾಗ ಹೇಳ್ತೀನಿ."

ಅತ್ತೆ ಏಳಲು ನೋಡಿದರು, ಆಗಲಿಲ್ಲ. ಎಬ್ಬಿಸಲು ಹೋದರೆ ಕೈ ತಳ್ಳಿದರು. ಪಕ್ಕದಲ್ಲಿ ಕೂತು, "ಮೂಗಲ್ಲಿ ತಗೊಳ್ಳಿ, ಬಾಯಲ್ಲಿ ಬಿಡಿ. ಬುಸ್ ಅಂತ ಅಲ್ಲ. ಬಿಸಿ ಲೋಟ ಊದ್ತೀವಲ್ಲ, ಹಾಗೆ" ಎಂದೆ. ಅತ್ತೆ ಸೆರಗನ್ನು ಮಂಡಿಯ ಮೇಲೆ ಎಳೆದುಕೊಂಡು ಸರಿಮಾಡಿದರು. ಆಮೇಲೆ, ನನ್ನನ್ನು ನೋಡದೆ, ಊದಿದರು. ಇಬ್ಬರೂ ಸೂಟ್‌ಕೇಸನ್ನು ಎದುರಿಗಿಟ್ಟುಕೊಂಡು ಊದುತ್ತಾ ಕೂತಿದ್ದೆವು. ಯಾರಾದರೂ ನೋಡಿದ್ದರೆ ಅದಕ್ಕೆ ಬೆಂಕಿ ಬಿದ್ದಿದೆ ಎಂದುಕೊಳ್ಳುತ್ತಿದ್ದರು.

ಏಪ್ರಿಲ್ 8, ಮಂಗಳವಾರ

ಸೂಟ್‌ಕೇಸ್ ಇನ್ನೂ ನಡುಕೋಣೆಯಲ್ಲೇ ಇದೆ. ಬಟ್ಟೆ ತುಂಬಿಲ್ಲ, ಕಂಬಳಿ ತೆಗೆದಿಲ್ಲ. ಮೇಲಕ್ಕಿಡಲೇ ಎಂದು ಇವರು ಕೇಳಿದರೆ "ಇರಲಿ, ಅವಸರವೇನಿದೆ" ಎಂದರು ಅತ್ತೆ.

ನಿನ್ನೆ ಮಂಡಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆವು. ಹೇಳದೆ ಮಾತ್ರೆ ಬಿಟ್ಟದ್ದಕ್ಕೆ ಗದರಿದರು. ಅಷ್ಟು ಹೆದರಿಕೆಯಿದ್ದರೆ ಬಲವಂತವಿಲ್ಲ, ಶಾಖ, ವ್ಯಾಯಾಮ, ಸೂಜಿ ಏನಾದರೂ ನೋಡಬಹುದು ಎಂದೂ ಹೇಳಿದರು. ನಾಳೆ ನನ್ನ ಸರದಿಯ ಹೊತ್ತನ್ನು ಅತ್ತೆಗೆ ಬಿಟ್ಟುಕೊಡುವಂತೆ ಸೂಜಿಯವರಿಗೆ ಫೋನ್ ಮಾಡಿದೆ. ಒಪ್ಪಿಕೊಂಡರು. ಅತ್ತೆ ಒಪ್ಪಿಲ್ಲ.

ಏಪ್ರಿಲ್ 9, ಬುಧವಾರ

ಬಂದರು. ನೋಡಿಕೊಂಡು ಬರುತ್ತೇನಷ್ಟೇ, ಚುಚ್ಚಿಸಿಕೊಳ್ಳುವುದಿಲ್ಲ ಎಂದು ಷರತ್ತು ಹಾಕಿ ಬಂದರು.

ಆ ಮೆಟ್ಟಿಲು ಹತ್ತಲು ಎಷ್ಟು ಹೊತ್ತು ಹಿಡಿಯಿತೋ. ಎಡಗಡೆ ಕಂಬಿ, ಬಲಗಡೆ ಗೋಡೆ. ನಾನು ಒಂದು ಮೆಟ್ಟಿಲು ಮುಂದೆ. ಅತ್ತೆಯ ಎಡಗೈ ಕಂಬಿಯ ಮೇಲೆ, ಬಲಗೈ ನನ್ನ ಬಲ ಹೆಗಲ ಮೇಲೆ. ಒಂದೊಂದು ಮೆಟ್ಟಿಲಿಗೂ ಮೈಭಾರವನ್ನೆಲ್ಲ ಹೆಗಲಿಗೆ ಹಾಕಿ ಮೇಲೇಳುತ್ತಿದ್ದರು. ನಡುವೆ ನಿಂತು "ಮಂಡಿ ನೋವಿನವರನ್ನ ನೋಡೋಳು ಮಹಡಿ ಮೇಲೆ ಯಾಕೆ ಕೂತಿದಾಳೆ? ಹತ್ತಿ ಬಂದ್ರೆ ವಾಸಿಯಾದ ಹಾಗೆ ಅಂತಾನಾ?" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ, ಆದರೆ ಹೆಗಲಿನ ಮೇಲಿನ ಕೈ ಅಲುಗಿತು.

ಒಳಗೆ ಹೋದ ಮೇಲೆ ಗೋಡೆಯನ್ನೆಲ್ಲ ನೋಡಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಇಷ್ಟೊಂದು ಸರ್ಟಿಫಿಕೇಟಾ? ನನಗ್ಯಾಕೋ ಡೌಟು."

"ಓದಿದಾರೆ ಅತ್ತೆ. ಓದಿದ್ದು ಹಾಕಿದಾರೆ."

"ಆ ಸೂಜೀಲಿ ಏನಾದ್ರೂ ಮತ್ತು ಬರೋದು ಇದ್ರೆ?"

"ಬರೀ ಸೂಜಿ. ಪ್ಯಾಕೆಟ್ ನಿಮ್ಮ ಕೈಗೇ ಕೊಡ್ತಾರೆ, ನೀವೇ ಬಿಚ್ಚಿ."

"ವಾಸಿ ಮಾಡ್ತೀನಿ ಅಂತ ಹೇಳಿದಾಳಾ?"

"ಇಲ್ಲ. ಗೊತ್ತಿಲ್ಲ ಅಂತ ಹೇಳ್ತಾರೆ. ಸುಳ್ಳು ಹೇಳೋರಲ್ಲ ಅವರು."

ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಯಾವ ಆಧಾರದ ಮೇಲೆ ಹೇಳಿದೆ? ಯೋಚಿಸಲು ಹೊತ್ತಿರಲಿಲ್ಲ, ಸೂಜಿಯವರು ಕೈ ತೊಳೆದು ಬಂದರು.

"ಹೆದರಿಕೆ ಆಗ್ತಿದೆಯಾ ಅಮ್ಮ?" ಎಂದರು. "ಬೇಡ ಅಂದ್ರೆ ಇವತ್ತು ಬರೀ ಶಾಖ ಕೊಡ್ತೀನಿ."

ಅತ್ತೆ ಆಕೆಯನ್ನು ನೋಡಿದರು, ತಟ್ಟೆಯಲ್ಲಿದ್ದ ಸೂಜಿಗಳನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಏಪ್ರಿಲ್ ಮೂರರಿಂದೀಚೆಗೆ ಮೊದಲ ಸಲ ನೇರವಾಗಿ ಕಣ್ಣಿಗೆ ಕಣ್ಣಿಟ್ಟು ನೋಡಿದರು.

"ಹಾಕಮ್ಮ" ಎಂದರು. "ನಿನ್ನ ನಂಬಿಕೊಂಡು ಬಂದಿಲ್ಲ. ಇವಳನ್ನ ನಂಬಿಕೊಂಡು ಬಂದಿದೀನಿ."

ಅದು ನನ್ನನ್ನು ಚುಚ್ಚಲು ಹೇಳಿದ್ದೋ, ಬಾಯಿ ಬಂದಾಗ ಹೇಳುತ್ತೇನೆ ಎಂದಿದ್ದರಲ್ಲ ಆ ಮಾತೋ, ಮನೆಗೆ ಬಂದು ಇಷ್ಟು ಹೊತ್ತಾದರೂ ಗೊತ್ತಾಗಿಲ್ಲ. ಕೇಳೋಣ ಎಂದು ಬಸ್ಸಿನಲ್ಲಿ ಅವರ ಕಡೆ ತಿರುಗಿದೆ. ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಎಬ್ಬಿಸಲಿಲ್ಲ.